ಪುಟ್ಟಾ, ಆ ಗಾಜಿನ ಕೊಳವೆ ಮಾತ್ರ ತೆಗೆಯಬೇಡ

ಪುಟ್ಟಾ, ಮಾವ ಮಾತಾಡ್ತಿರೋದು. ನಿನ್ನ ಮೆಸೇಜ್ ಈಗ ನೋಡಿದೆ. ನಿನ್ನ ಪುಟ್ಟ ಮಾಡೆಲ್ ಹಬೆ ದೋಣಿಯ ಬಾಯ್ಲರ್‌ಗೆ ಗ್ಯಾಸೂ ನೀರೂ ಎರಡೂ ಆಟೋಮ್ಯಾಟಿಕ್ ಮಾಡಿದ್ದೀಯ, ತುಂಬಾ ಖುಷಿ ಆಯ್ತು. ಆದರೆ ನೀರಿನ ಮಟ್ಟ ತೋರಿಸೋ ಗಾಜಿನ ಕೊಳವೆ ಇನ್ನು ತೆಗೆಯಲಾ ಅಂತ ಕೇಳಿದ್ದೀಯಲ್ಲಾ, ಅದು ಬೇಡ ಕಂದಾ.

ಗ್ಯಾಸ್ ಕಡೆಯದು ಸುಲಭ. ಹಬೆಯ ಒತ್ತಡ ಏರಿದ ಹಾಗೆ ಗ್ಯಾಸ್ ವಾಲ್ವಿನೊಳಗಿನ ಡಯಾಫ್ರಮ್, ಅಂದರೆ ತೆಳು ಪೊರೆ, ಸ್ಪ್ರಿಂಗನ್ನು ಒತ್ತಿ ಗ್ಯಾಸ್ ಕಮ್ಮಿ ಮಾಡುತ್ತದೆ. ನಿನ್ನ ಸೇಫ್ಟಿ ವಾಲ್ವ್ 60 ಪಿಎಸ್‌ಐ ಒತ್ತಡಕ್ಕೆ ಏಳುವುದಾದರೆ, 45-50ರಲ್ಲೇ ಉರಿ ತಗ್ಗುವ ಹಾಗೆ ಇಡು. ಪೂರ್ತಿ ಮುಚ್ಚಬಾರದು. ಸಿಮ್‌ನಲ್ಲಿಟ್ಟ ಒಲೆಯ ಹಾಗೆ ಸಣ್ಣ ನೀಲಿ ಉರಿ ಉಳಿಯಲಿ. ಆರಿಹೋಗಿ ಮತ್ತೆ ಗ್ಯಾಸ್ ಬಂದರೆ ದೋಣಿಯ ತಳದಲ್ಲೇ ತುಂಬುತ್ತದೆ, ಬ್ಯೂಟೇನ್ ಗಾಳಿಗಿಂತ ಭಾರ ಅಲ್ವಾ.

ನನಗೆ ಭಯ ಇರೋದು ನೀರಿನ ಕಡೆ. ಬಾಯ್ಲರ್‌ನೊಳಗೆ ಇಳಿಬಿಟ್ಟಿರೋ ಕಡ್ಡಿಗೆ ನೀರು ತಾಗಿದರೆ ಸಣ್ಣ ಕರೆಂಟ್ ಹರಿಯುತ್ತದೆ, ಪಂಪ್ ನಿಲ್ಲುತ್ತದೆ. ಮನೆಯ ಓವರ್‌ಹೆಡ್ ಟ್ಯಾಂಕಿನ ಸೆನ್ಸರ್ ಇದ್ದ ಹಾಗೇ. ಹೋದ ವರ್ಷ ನಾನು ನನ್ನ ದೋಣಿಗೆ ಬೋರ್‌ವೆಲ್ ನೀರು ಬೇಡ ಅಂತ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತುಂಬಿದ್ದೆ. ಅದರಲ್ಲಿ ಕರೆಂಟ್ ಹರಿಯೋದು ತೀರಾ ಕಮ್ಮಿ. ನೀರೇ ಇಲ್ಲ ಅಂದುಕೊಂಡು ಪಂಪ್ ಓಡುತ್ತಲೇ ಇತ್ತು. ಟೆರೇಸಿನ ತೊಟ್ಟಿಯಲ್ಲಿ ದೋಣಿ ಎರಡು ಸುತ್ತು ಹಾಕಿತು, ಚಿಮಣಿಯಿಂದ ಬಿಸಿನೀರು ಎರಚಿತು, ಎಂಜಿನ್ ಟಕ್ ಅಂತ ನಿಂತಿತು. ಕೊಳವೆ ನೋಡಿದರೆ ನೀರು ಮೇಲಿನ ತುದಿಯನ್ನೇ ದಾಟಿತ್ತು. ಸ್ವಲ್ಪ ಕಾವೇರಿ ನೀರು ಬೆರೆಸಿದ ಮೇಲೆ ಸರಿಹೋಯಿತು.

ಅದು ಬರೀ ರಗಳೆ. ಇದರ ಉಲ್ಟಾ ಆದರೆ ಅಪಾಯ. ಬೋರ್‌ವೆಲ್ ನೀರು ಕುದಿದರೆ ಗೀಸರ್‌ನಲ್ಲಿ ಕಟ್ಟುತ್ತಲ್ಲಾ ಬಿಳಿ ಪದರ, ಅದು ಕಡ್ಡಿಯ ಬುಡದ ಇನ್ಸುಲೇಶನ್ ಮೇಲೂ ಕೂರುತ್ತದೆ. ಒದ್ದೆಯಾದರೆ ಅದರ ಮೇಲೇ ಕರೆಂಟ್ ಹರಿಯುತ್ತದೆ. ಒಳಗೆ ನೀರು ಇಳಿದಿದ್ದರೂ ಸೆನ್ಸರ್ ‘ನೀರಿದೆ’ ಅನ್ನುತ್ತದೆ. ಪಂಪ್ ಸುಮ್ನೆ ಇರುತ್ತದೆ, ಕೆಳಗೆ ಉರಿ ಇದ್ದೇ ಇರುತ್ತದೆ. ಗ್ಯಾಸ್ ಕಂಟ್ರೋಲಿಗೆ ಗೊತ್ತಾಗೋದು ಒತ್ತಡ ಮಾತ್ರ, ನೀರು ಗೊತ್ತಾಗಲ್ಲ. ಸೇಫ್ಟಿ ವಾಲ್ವಿಗೂ ಅಷ್ಟೇ. ನೀರಿಲ್ಲದ ತಾಮ್ರ ಕಾದು ಮೆತ್ತಗಾಗುತ್ತದೆ, ಬೆಸುಗೆಯೂ ಬಿಡಬಹುದು. ಆ ಹೊತ್ತಿಗೆ ನಿಜ ಹೇಳೋದು ಆ ಗಾಜು ಒಂದೇ. ಪ್ರತಿ ಸಲ ದೋಣಿ ದಡಕ್ಕೆ ಬಂದಾಗ ಬಗ್ಗಿ ನೋಡು. ಕೊಳವೆಯ ಕೆಳಗಿನ ಸಣ್ಣ ಕಾಕ್ (ನಲ್ಲಿ) ಒಂದು ಕ್ಷಣ ತೆರೆದು ಮುಚ್ಚು, ನೀರು ಇಳಿದು ತಕ್ಷಣ ಮೇಲೆ ಬರಬೇಕು. ಬರದಿದ್ದರೆ ದಾರಿ ಕಟ್ಟಿದೆ ಅಂತ, ಉರಿ ಆರಿಸಿಬಿಡು.

ಭಾನುವಾರ ಬಾಯ್ಲರ್ ತಗೊಂಡು ಮನೆಗೆ ಬಾ. ಉರಿ ಹಚ್ಚದೆ ತಣ್ಣೀರು ತುಂಬಿ, ಗಾಳಿ ಒಂದು ಚೂರೂ ಉಳಿಯದ ಹಾಗೆ ನೋಡಿಕೊಂಡು, ಕೈಪಂಪಿನಲ್ಲಿ 120 ಪಿಎಸ್‌ಐ ಕೊಟ್ಟು ನೋಡೋಣ. ಹೊಸ ಬಾಯ್ಲರಿಗೆ ಸೇಫ್ಟಿ ವಾಲ್ವ್ ಏಳುವುದರ ಎರಡರಷ್ಟು ಒತ್ತಡದ ಪರೀಕ್ಷೆ ಆಗಲೇಬೇಕು. ಕೊಳವೆ ಈಗಾಗಲೇ ಬಿಚ್ಚಿದ್ದರೆ ಅದನ್ನೂ ಅದರ ಹಳೇ ರಬ್ಬರ್ ಓ-ರಿಂಗನ್ನೂ ತಾ, ಅದೇ ಅಳತೆಯದು ಎಸ್.ಪಿ. ರೋಡಿನಲ್ಲಿ ಹುಡುಕೋಣ. ಊಟ ಇಲ್ಲೇ, ನಿಮ್ಮತ್ತೆಗೆ ಹೇಳಿದ್ದೀನಿ.