ಸುಹಾಸನ ಕಾರಿನ ಎಬಿಎಸ್ ಲೈಟ್: ವೈರಿಗೆ ಕೈ ಹಾಕುವ ಮೊದಲು ಇದನ್ನು ಕೇಳಿ

ಸುಹಾಸ, ನೀನು ಗ್ರೂಪಿಗೆ ಹಾಕಿದ ಫೋಟೋಗಳನ್ನೆಲ್ಲ ನೋಡಿದೆ. ಹಿಂದಿನ ಎಡಗಡೆ ಚಕ್ರದ ವೇಗ ಅಳೆಯುವ ಸೆನ್ಸರಿನ ವೈರನ್ನು ಇಲಿ ಕಡಿದಿದೆ. ಒಂದು ವೈರ್ ಪೂರ್ತಿ ತುಂಡಾಗಿದೆ, ಇನ್ನೊಂದರ ಸಿಪ್ಪೆ ಹೋಗಿ ತಾಮ್ರ ಕಾಣುತ್ತಿದೆ. ಗ್ಯಾರೇಜಿನವರು ಎಬಿಎಸ್ ಯೂನಿಟ್ಟೇ ಹೋಗಿದೆ, ಬದಲಾಯಿಸಬೇಕು ಅಂದರಂತೆ. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ತುಳಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಯೂನಿಟ್ ಅದರ ಮಿದುಳು. ಮನೆಯಲ್ಲೇ ವೈರ್ ಕೂಡಿಸಿ ಟೇಪ್ ಸುತ್ತಿದರೆ ಸಾಲದಾ ಅಂತ ನೀನು ಕೇಳಿದ್ದೀಯ. ಅದರ ಕೆಳಗೆ ಭಾವ, ಮೀಟರಿನ ಬಲ್ಬ್ ಕಿತ್ತುಹಾಕು, ನಮ್ಮ ಕಾಲದಲ್ಲಿ ಎಬಿಎಸ್ ಎಲ್ಲಿತ್ತು ಅಂತ ಬರೆದಿದ್ದಾರೆ. ಅಕ್ಕನಿಗೆ ಭಾನುವಾರ ಆಗುಂಬೆ ಇಳಿದು ಉಡುಪಿಗೆ ಹೋಗುವ ಚಿಂತೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಇರುವವರು ಆಮೇಲೆ ಕೇಳಿ.

ಮೊದಲು ಯೂನಿಟ್ ವಿಷಯ. ನೀನು ಸ್ಕ್ಯಾನರ್ ಪರದೆಯ ಫೋಟೋನೂ ಹಾಕಿದ್ದೀಯಲ್ಲ, ಅದರಲ್ಲಿ ಹಿಂದಿನ ಎಡ ಚಕ್ರದ ಸೆನ್ಸರ್ ಸರ್ಕ್ಯೂಟ್ ಓಪನ್ ಅಂತ ಕೋಡ್ ಇದೆ, ಅಂದರೆ ಆ ಸಂಪರ್ಕ ಎಲ್ಲೋ ಕಡಿದಿದೆ ಅಂತ. ಅದನ್ನು ಹೇಳಿದ್ದು ಯಾರು? ಆ ಯೂನಿಟ್ಟೇ ಅಲ್ವಾ? ಪೂರ್ತಿ ಕೆಟ್ಟು ಕೂತ ಯೂನಿಟ್ ಎಷ್ಟೋ ಸಲ ಸ್ಕ್ಯಾನರಿಗೆ ಸಿಗುವುದೇ ಇಲ್ಲ. ಇದು ಸಿಕ್ಕಿದೆ, ಯಾವ ಚಕ್ರ ಅಂತಲೂ ಸರಿಯಾಗಿ ತೋರಿಸಿದೆ, ಅಲ್ಲೇ ಹೋಗಿ ನೋಡಿದರೆ ವೈರ್ ತುಂಡಾಗಿದೆ. ಇಷ್ಟು ಕಣ್ಣೆದುರಿಗೆ ಇರುವಾಗ ಯೂನಿಟ್ ಬದಲಾಯಿಸಿ ಅನ್ನುವವರ ಮಾತಿಗೆ ದುಡ್ಡು ಬಿಚ್ಚಬೇಡ. ವೈರ್ ಸರಿ ಮಾಡಿದ ಮೇಲೂ ಅದೇ ಕೋಡ್ ಬಂದರೆ ಸೆನ್ಸರ್ ನೋಡೋಣ. ಯೂನಿಟ್ಟಿನ ಸರದಿ ಎಲ್ಲದಕ್ಕಿಂತ ಕೊನೆಗೆ.

ಇನ್ನು ಭಾವನವರಿಗೆ. ಭಾವ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಹಳದಿ ಎಬಿಎಸ್ ಲೈಟ್ ಒಂದೇ ಉರಿಯುತ್ತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಎಬಿಎಸ್ ಮಾತ್ರ ಇರುವುದಿಲ್ಲ. ಆದರೆ ಈಗಿನ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಹೋಗಬೇಕು ಅನ್ನುವುದನ್ನೂ ಇದೇ ಯೂನಿಟ್ ನೋಡಿಕೊಳ್ಳುತ್ತದೆ. ಇಬಿಡಿ ಅನ್ನುತ್ತಾರಲ್ಲ, ಅದೇ. ಹಳೇ ಕಾರುಗಳಲ್ಲಿ ಆ ಕೆಲಸಕ್ಕೆ ಬೇರೆ ವಾಲ್ವ್ ಇರುತ್ತಿತ್ತು, ಈಗ ಬಹಳಷ್ಟು ಕಾರುಗಳಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಹಳದಿ ಜೊತೆ ಕೆಂಪು ಬ್ರೇಕ್ ಲೈಟೂ ಬಂತು ಅಂದರೆ ಇಬಿಡಿ ಕೂಡ ಹೋಗಿರಬಹುದು, ಇಲ್ಲವೇ ಬ್ರೇಕ್ ಆಯಿಲ್ ಕಮ್ಮಿಯಾಗಿರಬಹುದು. ಇಬಿಡಿ ಇಲ್ಲದಾಗ ಜೋರಾಗಿ ತುಳಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿಕೊಳ್ಳಬಹುದು. ಬಲ್ಬ್ ಕಿತ್ತವನಿಗೆ ಇದು ಗೊತ್ತಾಗುವುದಾದರೂ ಹೇಗೆ? ಬಲ್ಬ್ ಅಲ್ಲೇ ಇರಲಿ.

ಸುಹಾಸ, ಈಗ ನಿನ್ನ ವೈರ್. ನಾನು ಮೊದಲು ನೋಡುವುದು ಎಲ್ಲಿ ಕಡಿದಿದೆ ಅನ್ನುವುದನ್ನು. ಸೆನ್ಸರಿನಿಂದ ಬರುವ ವೈರ್ ಚಕ್ರ ಕೂರುವ ಹಬ್‌ನಿಂದ ಹೊರಟು, ಸಸ್ಪೆನ್ಷನ್ ಮೇಲೆ ಸಾಗಿ, ಬಾಡಿಯ ಹತ್ತಿರ ಒಂದು ಕಪ್ಲರಿಗೆ, ಅಂದರೆ ವೈರ್ ಜೋಡಿಸುವ ಪ್ಲಗ್ಗಿಗೆ, ಸೇರುತ್ತದೆ. ಹಬ್‌ನಿಂದ ಬಾಡಿಯವರೆಗಿನ ಆ ತುಂಡು, ಗಾಡಿ ಹಳ್ಳಕ್ಕೆ ಇಳಿದಾಗೆಲ್ಲ ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಮುಂದಿನ ಚಕ್ರವಾದರೆ ಸ್ಟೇರಿಂಗ್ ತಿರುಗಿಸಿದಾಗಲೂ ಬಗ್ಗುತ್ತದೆ. ಅಲ್ಲಿ ಕಡಿದಿದ್ದರೆ ಜಾಯಿಂಟ್ ಮಾಡಲೇಬೇಡ. ಎಷ್ಟು ಚೆನ್ನಾಗಿ ಮಾಡಿದರೂ ಜಾಯಿಂಟಿನ ಪಕ್ಕದಲ್ಲಿ ಎಳೆ ಎಳೆಯಾಗಿ ಮುರಿಯುತ್ತದೆ. ವೈರ್ ಸಮೇತ ಹೊಸ ಸೆನ್ಸರ್ ಸಿಗುತ್ತದೆ, ಅದನ್ನೇ ಹಾಕು. ನಿನ್ನದು ಫೋಟೋ ಪ್ರಕಾರ ಕಪ್ಲರ್ ದಾಟಿದ ಮೇಲೆ, ಗಾಡಿಯ ಬಾಡಿ ಮೇಲೆ ಕ್ಲಿಪ್ ಹಾಕಿ ಕೂರಿಸಿದ ಕಡೆ ಕಡಿದಿದೆ. ಅಲ್ಲಿ ವೈರ್ ಅಲ್ಲಾಡುವುದಿಲ್ಲ. ಅದಕ್ಕೇ ಮನೆಯಲ್ಲಿ ಮಾಡು ಅನ್ನುತ್ತಿದ್ದೇನೆ, ಇಲ್ಲದಿದ್ದರೆ ಅನ್ನುತ್ತಿರಲಿಲ್ಲ.

ಟೇಪ್ ಯಾಕೆ ಬೇಡ ಅಂತ ಕೇಳು. ನಿನ್ನ ಕಾರು 2021ರದ್ದು. ಅದರಲ್ಲಿ ಇರುವುದು ಹೆಚ್ಚುಕಮ್ಮಿ ಖಂಡಿತ ಆಕ್ಟಿವ್ ಸೆನ್ಸರ್. ಹಳೇ ಥರದ್ದು ಬರೀ ಕಾಯಿಲ್ ಮತ್ತು ಅಯಸ್ಕಾಂತ. ಚಕ್ರದ ಹಲ್ಲಿನ ರಿಂಗ್ ಅದರ ಎದುರು ತಿರುಗಿದರೆ ತಾನೇ ಸಣ್ಣ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಆಕ್ಟಿವ್ ಸೆನ್ಸರಿಗೆ ಯೂನಿಟ್ಟಿನಿಂದ ಸಪ್ಲೈ ಹೋಗುತ್ತದೆ, ಅದೇ ಎರಡು ವೈರಿನಲ್ಲಿ ಸಿಗ್ನಲ್ಲೂ ವಾಪಸ್ ಬರುತ್ತದೆ. ಆ ಸಿಗ್ನಲ್ ಅಂದರೆ ಕರೆಂಟ್ ಸುಮಾರು 7 ಮಿಲಿ ಆಂಪಿಯರ್ ಮತ್ತು 14 ಮಿಲಿ ಆಂಪಿಯರ್ ನಡುವೆ ಏರಿಳಿಯುವುದು, ಅಷ್ಟೇ. ಟೇಪಿನ ಒಳಗೆ ಮಳೆನೀರು ಹೋಗಿ ಎರಡು ವೈರ್ ಮಧ್ಯೆ ಚೂರು ಕರೆಂಟ್ ಸೋರಿದರೂ ಯೂನಿಟ್ಟಿಗೆ ಲೆಕ್ಕ ತಪ್ಪುತ್ತದೆ. ಬೇಸಿಗೆಯಲ್ಲಿ ಲೈಟ್ ಇಲ್ಲ, ಮಳೆ ಹಿಡಿದರೆ ಲೈಟ್ ಅಂತ ಅಂಗಡಿಗೆ ಬರುವ ಗಾಡಿಗಳ ಮಡ್‌ಗಾರ್ಡ್ ಒಳಗೆ ಕೈ ಹಾಕಿದರೆ ಸಿಗುವುದು ಇಂಥ ಕಪ್ಪು ಟೇಪಿನ ಗಂಟೇ. ಲೈಟ್ ಬಂದರೆ ಪುಣ್ಯ ಅನ್ನಬೇಕು. ಲೈಟ್ ಬಾರದೆ ಸಿಗ್ನಲ್ ಬಿಟ್ಟು ಬಿಟ್ಟು ಬಂದರೆ ಚಕ್ರ ಜಾರುತ್ತಿದೆ ಅಂತ ಯೂನಿಟ್ ತಪ್ಪು ತಿಳಿಯುತ್ತದೆ. ಬೇಕಾದ ಹೊತ್ತಿಗೆ ಬ್ರೇಕ್ ಸಡಿಲ ಬಿಡುತ್ತದೆ. ಟ್ರಾಫಿಕ್ ಸಿಗ್ನಲಿನಲ್ಲಿ ಗಾಡಿ ನಿಲ್ಲಿಸಲು ಹೋದರೆ ಪೆಡಲ್ ಕಟಕಟ ಅಂದು ಗಾಡಿ ಇನ್ನೂ ಮುಂದಕ್ಕೆ ಹೋಗುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಸೆನ್ಸರ್ ಸರಿ ಇದೆಯಾ ನೋಡೋಣ ಅಂತ ಅದರ ಎರಡು ಪಿನ್ನಿಗೆ ಮಲ್ಟಿಮೀಟರ್ ಓಮ್ಸ್‌ನಲ್ಲಿ ಇಟ್ಟು ಅಳೆಯಬೇಡ. ಹಳೇ ಕಾಯಿಲ್ ಸೆನ್ಸರಾದರೆ ಸಾವಿರ ಓಮ್ ಆಸುಪಾಸು, ಕೆಲವದರಲ್ಲಿ 2,000ದ ಮೇಲೂ ತೋರಿಸುತ್ತದೆ. ಅದು ಸರಿಯಾದ ಪರೀಕ್ಷೆಯೇ. ಆಕ್ಟಿವ್ ಸೆನ್ಸರಿನಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ, ಒಳಗಿನ ಚಿಪ್ ಕೆಡುವ ಭಯ ಬೇರೆ. ನೀನು ಮಾಡಬೇಕಾದ್ದು ಇಷ್ಟು. ವೈರ್ ಕೂಡಿಸಿ, ಕೆಲಸಕ್ಕೆ ಬಿಚ್ಚಿದ ಬ್ಯಾಟರಿ ಮೈನಸ್ ವಾಪಸ್ ಹಾಕಿದ ಮೇಲೆ ಕಪ್ಲರ್ ಬಿಚ್ಚಿಟ್ಟು, ಬಾಡಿ ಕಡೆಯ ಎರಡು ಪಿನ್ನಿಗೆ ಡಿಸಿ ವೋಲ್ಟ್‌ನಲ್ಲಿ ಮೀಟರ್ ಹಿಡಿ. ಯಾರಾದರೂ ಕೀ ಆನ್ ಮಾಡಲಿ. ಬ್ಯಾಟರಿ ವೋಲ್ಟೇಜ್ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ವೈರ್ ಯೂನಿಟ್‌ವರೆಗೂ ಸರಿ ಇದೆ. ಕಣ್ಣು ಮೀಟರ್ ಮೇಲೇ ಇರಲಿ. ಎದುರಿಗೆ ಸೆನ್ಸರ್ ಇಲ್ಲ ಅಂತ ಗೊತ್ತಾದ ಕೂಡಲೇ ಸಪ್ಲೈ ನಿಲ್ಲಿಸಿಬಿಡುವ ಯೂನಿಟ್‌ಗಳೂ ಇವೆ. ಕೀ ಆನ್ ಮಾಡಿ ಬಂದು ನಿಧಾನಕ್ಕೆ ನೋಡಿದರೆ ಸೊನ್ನೆ ಕಾಣುತ್ತದೆ, ಸುಮ್ನೆ ಹೆದರುತ್ತೀಯ.

ಗಾಡಿ ಎತ್ತುವುದರಲ್ಲಿ ಅವಸರ ಬೇಡ. ಅಡಿಕೆ ಅಂಗಳ ಸಮತಟ್ಟಾಗಿದೆ, ಅಲ್ಲೇ ಮಾಡು. ಮೊದಲ ಗೇರ್ ಹಾಕು, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಡು. ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡುವಾಗ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ, ಆಗ ಗಾಡಿ ಹಿಡಿಯುವುದು ಆ ಕಟ್ಟೆಗಳೇ. ಜಾಕ್ ನಂಬಿ ಅಡಿಗೆ ಹೋಗಬೇಡ, ಸ್ಟ್ಯಾಂಡ್ ಕೊಡು. ಬಿಚ್ಚಿದ ಚಕ್ರವನ್ನೂ ಬಾಡಿ ಕೆಳಗೆ ಮಲಗಿಸಿಡು. ಇಟ್ಟಿಗೆ, ಹಾಲೋಬ್ಲಾಕ್ ಬೇಡವೇ ಬೇಡ, ಭಾರಕ್ಕೆ ಒಡೆಯುತ್ತವೆ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚು. ಬ್ರೇಕ್ ಪೈಪಿಗೆ, ಅದರ ನಟ್ಟಿಗೆ ಪಾನಾ ಹಾಕಲೇಬೇಡ. ಆ ಕಡೆಗೆ ಗಾಳಿ ಹೋದರೆ ತೆಗೆಯಲು ಕೆಲವು ಕಾರಿಗೆ ಸ್ಕ್ಯಾನರೇ ಬೇಕಾಗುತ್ತದೆ. ನಮ್ಮದು ವೈರಿನ ಕೆಲಸ ಮಾತ್ರ.

ಕಡಿದ ಕಡೆ ತಾಮ್ರ ಹಸಿರಾಗಿದೆಯಲ್ಲ, ಆ ಹಸಿರು ಸಿಪ್ಪೆಯ ಒಳಗೂ ಹತ್ತಿರುತ್ತದೆ. ತಾಮ್ರ ಹೊಳೆಯುವ ತನಕ ಹಿಂದಕ್ಕೆ ಕತ್ತರಿಸುತ್ತಾ ಹೋಗು. ಉದ್ದ ಸಾಲದಿದ್ದರೆ ನಡುವೆ ತುಂಡು ಸೇರಿಸು. ಅದಕ್ಕೆ ಗಾಡಿಗೆ ಬಳಸುವ ಬಹು ಎಳೆಯ ವೈರೇ ಬೇಕು, ಮೊದಲಿದ್ದಷ್ಟೇ ದಪ್ಪದ್ದು. ಭಾವನವರ ಕಪಾಟಿನಲ್ಲಿರುವ ಮನೆ ವೈರಿಂಗಿನ ಗಟ್ಟಿ ತಂತಿ ಬೇಡ. ಬಣ್ಣಕ್ಕೆ ಬಣ್ಣ ಸೇರಿಸು. ಆಕ್ಟಿವ್ ಸೆನ್ಸರಿನಲ್ಲಿ ಪ್ಲಸ್ ಮೈನಸ್ ಅದಲು ಬದಲಾದರೆ ಕೆಲಸ ಮಾಡುವುದಿಲ್ಲ. ಎರಡು ಜಾಯಿಂಟೂ ಒಂದೇ ಜಾಗದಲ್ಲಿ ಬಾರದ ಹಾಗೆ, ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಮುಂದೆ ಮಾಡು. ಮೂಲದಲ್ಲಿ ಎರಡು ವೈರ್ ಜಡೆ ಹೆಣೆದ ಹಾಗೆ ಒಂದಕ್ಕೊಂದು ಸುತ್ತಿದ್ದರೆ ನೀನೂ ಹಾಗೇ ಸುತ್ತು. ಪಕ್ಕದ ವೈರುಗಳಿಂದ ಬರುವ ತೊಂದರೆ ತಪ್ಪಿಸಲೆಂದೇ ಹಾಗೆ ಮಾಡಿರುತ್ತಾರೆ.

ಜಾಯಿಂಟಿಗೆ, ಒಳಗೆ ಅಂಟು ಇರುವ ಸ್ಲೀವ್ ಸಮೇತ ಬರುವ, ಒತ್ತಿ ವೈರ್ ಕೂಡಿಸುವ ಕ್ರಿಂಪ್ ಕನೆಕ್ಟರ್ ತೆಗೆದುಕೋ. ಬಿಸಿ ಮಾಡಿದರೆ ಅಂಟು ಕರಗಿ ಎರಡೂ ಕಡೆ ನೀರು ಹೋಗದ ಹಾಗೆ ಮುಚ್ಚುತ್ತದೆ. ಅದನ್ನು ಸರಿಯಾದ ಕ್ರಿಂಪಿಂಗ್ ಪ್ಲೈಯರಿನಲ್ಲೇ ಒತ್ತಬೇಕು, ಕಟಿಂಗ್ ಪ್ಲೈಯರಿನಲ್ಲಿ ಕಚ್ಚಿದರೆ ಸಾಲದು. ಬೆಸುಗೆ ಹಾಕಬಾರದಾ ಅಂತ ಕೇಳುತ್ತೀಯ, ಗೊತ್ತು. ಅಲ್ಲಾಡದ ಜಾಗದಲ್ಲಿ ಹಾಕಬಹುದು. ಆದರೆ ಸೀಸ ಎಳೆಗಳ ಒಳಗೆ ಏರಿ ವೈರ್ ಕಡ್ಡಿಯಾಗುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲೇ ಮುರಿಯುವುದು. ನನ್ನ ಓಟು ಕ್ರಿಂಪಿಗೆ. ಮೇಲೆ ಇನ್ನೊಂದು ಉದ್ದದ ಸ್ಲೀವ್ ಹಾಕುತ್ತೀಯಲ್ಲ, ಅದನ್ನು ವೈರ್ ಕೂಡಿಸುವ ಮೊದಲೇ ತೂರಿಸಿಡು. ಇದು ಮರೆಯದ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ.

ಬಿಸಿ ಮಾಡಲು ಬೆಂಕಿಪೊಟ್ಟಣ, ಲೈಟರ್ ಹಿಡಿದು ಒಳಗೆ ತೂರಬೇಡ. ನಿನ್ನ ಕಾರಿನ ಪೆಟ್ರೋಲ್ ಹಾಕುವ ಪೈಪ್ ಅದೇ ಎಡಗಡೆ ಇಳಿಯುತ್ತದೆ. ಕ್ಲಿಪ್ ಬಿಚ್ಚಿ ವೈರನ್ನು ಹೊರಗೆ ಎಳೆದುಕೊಂಡು ಹೀಟ್ ಗನ್ ಹಿಡಿ. ಪೆಟ್ರೋಲ್ ವಾಸನೆ ಬಂದರೆ ಅದೂ ಬೇಡ, ಕೆಲಸ ನಿಲ್ಲಿಸಿ ನನಗೆ ಫೋನ್ ಮಾಡು. ಹೇರ್ ಡ್ರೈಯರಿನ ಬಿಸಿಗೆ ಅಂಟು ಸರಿಯಾಗಿ ಕರಗುವುದಿಲ್ಲ.

ಎಲ್ಲ ಮುಗಿದ ಮೇಲೆ ವೈರನ್ನು ಮೊದಲಿದ್ದ ಕ್ಲಿಪ್ಪಿಗೇ ಕೂರಿಸು. ಟಯರಿಗೆ, ಸ್ಪ್ರಿಂಗಿಗೆ ತಾಗಬಾರದು. ಚಕ್ರದ ನಟ್ಟುಗಳನ್ನು ಎದುರು ಬದುರಾಗಿ ಬಿಗಿ ಮಾಡು. ಕೆಲವು ಕಾರಿನಲ್ಲಿ ಸ್ವಲ್ಪ ದೂರ ಓಡಿಸಿದ ಮೇಲೆ ಲೈಟ್ ತಾನೇ ಆರುತ್ತದೆ, ಕೆಲವದಕ್ಕೆ ಸ್ಕ್ಯಾನರಿನಲ್ಲಿ ಕೋಡ್ ಅಳಿಸಬೇಕು. ಸ್ಕ್ಯಾನರ್ ಇದ್ದರೆ ನಾಲ್ಕೂ ಚಕ್ರದ ವೇಗ ಒಟ್ಟಿಗೆ ನೋಡು. ನೇರ ರಸ್ತೆಯಲ್ಲಿ ನಾಲ್ಕೂ ಹೆಚ್ಚುಕಮ್ಮಿ ಒಂದೇ ಇರಬೇಕು. ಆಮೇಲೆ ಯಾರೂ ಇಲ್ಲದ ಜಲ್ಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲ ಅಂತ ನೋಡಿಕೊಂಡು, 30 ಕಿಲೋಮೀಟರ್ ವೇಗದಲ್ಲಿ ಒಮ್ಮೆ ಜೋರಾಗಿ ಬ್ರೇಕ್ ತುಳಿ. ಪಾದಕ್ಕೆ ಕಟಕಟ ಅಂತ ತಾಗಿದರೆ ಎಬಿಎಸ್ ಬಂದಿದೆ.

ಅಕ್ಕಾ, ನಿನ್ನ ಉಡುಪಿ ವಿಷಯ. ಶನಿವಾರದೊಳಗೆ ಇದೆಲ್ಲ ಆಗಿ ಲೈಟ್ ಆರಿದ್ದರೆ ಧಾರಾಳವಾಗಿ ಹೋಗಿ. ಆರದಿದ್ದರೆ ಆ ಕಾರು ತೆಗೆಯಬೇಡಿ. ಮಳೆಯಲ್ಲಿ ಒದ್ದೆ ರಸ್ತೆ, ಆಗುಂಬೆಯ 14 ತಿರುವು, ಎದುರಿಗೆ ಬಸ್ಸು. ಎಬಿಎಸ್ ಬೇಕಾಗುವುದೇ ಅಂಥ ಕಡೆ. ನನ್ನ ಗಾಡಿ ಇದೆ, ತೆಗೆದುಕೊಂಡು ಹೋಗಿ. ಯಾವ ಗಾಡಿಯಾದರೂ ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಸಲು ಸುಹಾಸನಿಗೆ ಹೇಳು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದು ಬೇಡ.

ಇಲಿಗೆ ಏನು ಮಾಡುವುದು ಅಂತ ಕೇಳಿದರೆ, ಹುಲ್ಲಿನ ಮನೆ ಪಕ್ಕ ಕಾರು ನಿಲ್ಲಿಸುವುದನ್ನು ಮೊದಲು ಬಿಡಿ. ಹೊಗೆಸೊಪ್ಪು ಕಟ್ಟುವವರು, ಸ್ಪ್ರೇ ಹೊಡೆಯುವವರು ಎಲ್ಲ ಇದ್ದಾರೆ, ನನಗೆ ಅಷ್ಟು ನಂಬಿಕೆ ಇಲ್ಲ. ಬೋನು ಇಡಿ.

ಸುಹಾಸ, ಸಾಮಾನು ತರಲು ಪೇಟೆಗೆ ಹೋಗುವ ಮೊದಲು ಆ ಕಪ್ಲರ್ ಬಿಚ್ಚಿ, ಒಳಗಿನ ಪಿನ್ನುಗಳ ಫೋಟೋ ಬೆಳಕಲ್ಲಿ ತೆಗೆದು ಕಳಿಸು. ಪಿನ್ನೂ ಹಸಿರಾಗಿದ್ದರೆ ಬರೀ ವೈರ್ ಕೂಡಿಸಿ ಪ್ರಯೋಜನ ಇಲ್ಲ, ಹಿಂದೆ ವೈರ್ ಇರುವ ಕಪ್ಲರ್ ತುಂಡನ್ನೇ ತರಬೇಕಾಗುತ್ತದೆ. ಕ್ರಿಂಪಿಂಗ್ ಪ್ಲೈಯರ್ ಕೊಳ್ಳಬೇಡ, ನನ್ನದು ಕೊಡುತ್ತೇನೆ.