ತೆಂಗಿನ ನಾರಿನ ಹಾಳೆ ಹಾಕಿದರೆ ರೂಮಿನ ಪ್ರತಿಧ್ವನಿ ತಗ್ಗುತ್ತಾ?

ಪ್ರಶ್ನೆ (ತಿಪಟೂರು): ಸಂಗೀತ ಪಾಠದ ರೂಮು, 12×10 ಅಡಿ, ಆರ್‌ಸಿಸಿ ತಾರಸಿ. ಹಾಡಿದರೆ ಗುಂಯ್ ಅನ್ನುತ್ತೆ. 1 ಇಂಚಿನ ನಾರಿನ ಹಾಳೆಯನ್ನು ಗೋಡೆಗೆ ನೇರವಾಗಿ ಅಂಟಿಸಬಹುದಾ?

ಉತ್ತರ: ನೇರವಾಗಿ ಬೇಡ. ಶಬ್ದ ಕರಗೋದು ಗಾಳಿ ನಾರಿಗೆ ಉಜ್ಜಿ ಶಾಖವಾದಾಗ. ಗೋಡೆಗೆ ತಾಗಿದ ಕಡೆ ಗಾಳಿ ಅಲುಗಾಡೋದೇ ಇಲ್ಲ. ಅಲುಗಾಟ ಹೆಚ್ಚಿರೋದು ಗೋಡೆಯಿಂದ ಕಾಲು ತರಂಗದೂರದಲ್ಲಿ (ಶಬ್ದದ ಒಂದು ಅಲೆಯ ಉದ್ದದ ಕಾಲು ಭಾಗ), 500 ಹರ್ಟ್ಜ್ ಸ್ವರಕ್ಕೆ ಸುಮಾರು 17 ಸೆಂ.ಮೀ. ಅಷ್ಟು ಜಾಗ ಬಿಡೋಕೆ ಆಗದಿದ್ದರೂ 2 ಇಂಚಿನ ರೀಪು ಹೊಡೆದು ಅದರ ಮೇಲೆ ಹಾಳೆ ಕೂರಿಸಿ. ತೆಂಗಿನ ನಾರು ಒರಟು, ಹೆಣಿಗೆ ಸಡಿಲ, ಹಾಗಾಗಿ ಗಾಳಿ ಹೆಚ್ಚು ಉಜ್ಜದೆ ದಾಟಿಹೋಗುತ್ತೆ. ಎರಡು ಪದರ ಹಾಕಿದರೆ ವಾಸಿ.

ಇನ್ನೊಬ್ಬರು: ಪೇಂಟ್ ಮಾತ್ರ ಬಳಿಯಬೇಡಿ, ರಂಧ್ರ ಮುಚ್ಚಿಹೋಗುತ್ತೆ. ಹೊದಿಸುವ ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಉಸಿರು ಸಲೀಸಾಗಿ ದಾಟಬೇಕು. ನಾರಿಗೆ ಬೆಂಕಿ ಬೇಗ ಹತ್ತುತ್ತೆ, ಸ್ವಿಚ್‌ಬೋರ್ಡ್ ಸುತ್ತ ಜಾಗ ಬಿಡಿ.

ಪ್ರಶ್ನೆ: ಪಕ್ಕದ ಮನೆಗೆ ಕೇಳಿಸೋದೂ ನಿಲ್ಲುತ್ತಾ ಸರ್?

ಉತ್ತರ: ಇಲ್ಲ, ಅದಕ್ಕೆ ಭಾರವಾದ ಗೋಡೆ ಬೇಕು. ಮೊದಲು ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ.