ಘಟ್ಟ ಹತ್ತುವಾಗ ಮಾತ್ರ ಎಂಜಿನ್ ಹೀಟ್, ಬಾಟಲಿಯಲ್ಲಿ ಕೂಲಂಟ್ ತುಂಬಿದೆ. ಜೊತೆಗೆ ಇಳಿಜಾರಿನಲ್ಲಿ ಸ್ಟೆಪ್ನಿ ಹಾಕುವ ಪ್ರಶ್ನೆ

ಉಜಿರೆ ಸವಾರಿ:
2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, 85,000 ಕಿ.ಮೀ. ಓಡಿದೆ. ಚಾರ್ಮಾಡಿಯಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲಿ, ಎಸಿ ಹಾಕಿಕೊಂಡು ಹತ್ತುವಾಗ ಕೆಂಪು ಟೆಂಪರೇಚರ್ ದೀಪ ಬರುತ್ತದೆ. ಬಯಲು ರಸ್ತೆಯಲ್ಲಿ 80ರಲ್ಲಿ ಹೋದರೆ ಏನೂ ಇಲ್ಲ. ರಿಸರ್ವ್ ಬಾಟಲಿಯಲ್ಲಿ ಕೂಲಂಟ್ ಮ್ಯಾಕ್ಸ್ ಗೆರೆಗಿಂತ ಮೇಲಿದೆ. ನೆಲದ ಮೇಲೆ ಸೋರಿದ ಕಲೆ ಇಲ್ಲ. ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ಮೇಲಿನ ಹೋಸ್ ಯಾರೋ ಹಿಂಡಿದ ಹಾಗೆ ಚಪ್ಪಟೆ. ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ತೆಗೆಸಬಹುದೇ?

ಇನ್ನೊಂದು, ಅದೇ ಘಟ್ಟದಲ್ಲಿ ಪಂಕ್ಚರ್ ಆದರೆ ಹ್ಯಾಂಡ್‌ಬ್ರೇಕ್ ಎಳೆದು ಗೇರ್ ಹಾಕಿ ಜಾಕ್ ಎತ್ತಿದರೆ ಸಾಕಲ್ಲವೇ?

ಸ್ಪ್ಯಾನರ್ 17:
ಥರ್ಮೋಸ್ಟಾಟ್ ತೆಗೆಸಬೇಡಿ ಸಾರ್. ಅದು ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, 82ರಿಂದ 88 ಡಿಗ್ರಿಯಲ್ಲಿ ಬಾಯಿ ತೆರೆಯುತ್ತದೆ. ದೀಪ ಕೆಂಪಾಗುವ ಹೊತ್ತಿಗೆ ಸರಿಯಿರುವ ಥರ್ಮೋಸ್ಟಾಟ್ ಪೂರ್ತಿ ತೆರೆದೇ ಇರುತ್ತದೆ, ತೆಗೆದು ಎಸೆದರೂ ಘಟ್ಟದಲ್ಲಿ ಏನೂ ಬದಲಾಗುವುದಿಲ್ಲ. ಬಯಲಿನಲ್ಲಿ ಮಾತ್ರ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಕುಡಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ, ಜಾಗ ಖಾಲಿ ಬಿಡಬೇಡಿ.

ನಿಮ್ಮ ಕಾಯಿಲೆ ಆ ಚಪ್ಪಟೆ ಹೋಸಿನಲ್ಲೇ ಬರೆದಿದೆ. ರೇಡಿಯೇಟರ್ ಕ್ಯಾಪಿನಲ್ಲಿ ಎರಡು ವಾಲ್ವ್ ಇವೆ. ದೊಡ್ಡ ಸ್ಪ್ರಿಂಗಿನದು ಬಿಸಿಯಾದಾಗ ಒತ್ತಡ ಹಿಡಿಯುತ್ತದೆ, ಹೆಚ್ಚಾದದ್ದನ್ನು ಬಾಟಲಿಗೆ ಬಿಡುತ್ತದೆ. ಅದರ ನಡುವಿನ ಪುಟ್ಟ ಬಿಲ್ಲೆ, ಎಂಜಿನ್ ತಣ್ಣಗಾದಾಗ ಬಾಟಲಿಯಿಂದ ಕೂಲಂಟ್ ವಾಪಸ್ ಎಳೆದುಕೊಳ್ಳಲು. ಆ ಬಿಲ್ಲೆ ಅಂಟಿಕೊಂಡರೆ ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಒಳಗೆ ನಿರ್ವಾತವಾಗಿ ಹೋಸ್ ಚಪ್ಪಟೆಯಾಗುತ್ತದೆ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಬರುತ್ತದೆ. ಬಾಟಲಿ ನೋಡಿ ನೆಮ್ಮದಿಯಾಗಿರುವವರು ಸಿಕ್ಕಿಬೀಳುವುದು ಇಲ್ಲೇ.

ರಾತ್ರಿಯೆಲ್ಲ ನಿಂತ ಕಾರಿನಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕ್ಯಾಪ್ ತೆಗೆದು ನೋಡಿ. ಕೂಲಂಟ್ ಕುತ್ತಿಗೆಯವರೆಗೆ ಇರಬೇಕು. ಆಮೇಲೆ ಕ್ಯಾಪ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ರೇಡಿಯೇಟರ್ ಫ್ಯಾನ್ ಒಂದೆರಡು ನಿಮಿಷದೊಳಗೆ ತಿರುಗಬೇಕು. ಎರಡನ್ನೂ ನೋಡಿ ಇಲ್ಲಿ ಬರೆಯಿರಿ. ಇಷ್ಟು ದಿನ ಟಾಪ್‌ಅಪ್ ಮಾಡಿದ್ದು ಯಾವ ನೀರು?

ಉಜಿರೆ ಸವಾರಿ:
ನೋಡಿದೆ. ರೇಡಿಯೇಟರ್ ಒಳಗೆ ಮೇಲಿನ ಕೊಳವೆಗಳು ಒಣಗಿ ಕಾಣುತ್ತಿದ್ದವು. ಕುತ್ತಿಗೆವರೆಗೆ ತುಂಬಲು 1.4 ಲೀಟರ್ ಹಿಡಿಯಿತು. ಕ್ಯಾಪಿನ ಬಿಲ್ಲೆಯ ಸುತ್ತ ಬಿಳಿ ಗಟ್ಟಿ ಪದರ, ಉಗುರಿನಿಂದ ಎಳೆದರೂ ಅಲುಗಲಿಲ್ಲ. ಎಸಿ ಹಾಕಿದರೆ ಫ್ಯಾನ್ ತಿರುಗುತ್ತದೆ. ಟಾಪ್‌ಅಪ್‌ಗೆ ಮನೆಯ ಬೋರ್‌ವೆಲ್ ನೀರೇ.

ಸ್ಪ್ಯಾನರ್ 17:
ಸುಮಾರು 4 ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ 1.4 ಇರಲಿಲ್ಲ ಅಂದರೆ ಮೂರನೇ ಒಂದು ಪಾಲು ಗಾಳಿ. ಬಯಲಿನಲ್ಲಿ ಎದುರು ಗಾಳಿ ಕಾಪಾಡಿದೆ, ಘಟ್ಟದಲ್ಲಿ ಅದೂ ಸಿಗುವುದಿಲ್ಲ.

ಬಿಳಿ ಪದರ ಬೋರ್ ನೀರಿನ ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಅದೇ ಸುಣ್ಣ, ಇಲ್ಲಿ ರೇಡಿಯೇಟರ್ ಕೊಳವೆಗಳಲ್ಲೂ ಕಟ್ಟುತ್ತದೆ. ಕ್ಯಾಪನ್ನು ಕೆರೆದು ತೊಳೆದು ಮತ್ತೆ ಹಾಕಬೇಡಿ, ಹೊಸದು ತನ್ನಿ. ಹಳೆಯದರ ಮೇಲೆ 0.9 ಅಥವಾ 1.1 ಎಂದು ಇರುತ್ತದೆ, ಅದು ಬಾರ್ ಲೆಕ್ಕ. ಅದೇ ಅಂಕಿಯದನ್ನೇ ಕೊಳ್ಳಿ. 0.9 ಬಾರ್ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 119 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ ಒತ್ತಡ ಹಿಡಿಯದಿದ್ದರೆ, ಸಾವಿರ ಮೀಟರ್ ಎತ್ತರದಲ್ಲಿ ಅದೇ ನೀರು 97ಕ್ಕೇ ಕುದಿಯುತ್ತದೆ. ಫ್ಯಾನ್ ಚಾಲೂ ಆಗುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ, ಅಂಚಿನಲ್ಲೇ ಓಡಿಸಿದ ಹಾಗೆ.

ಕೂಲಂಟ್ ಪೂರ್ತಿ ಬದಲಾಯಿಸಿ. ತಣ್ಣಗಿರುವಾಗ ಕೆಳಗಿನ ಹೋಸ್ ಬಿಚ್ಚಿ ಬಸಿಯಿರಿ. ಡಿಸ್ಟಿಲ್ಡ್ ನೀರು ತುಂಬಿ, ಹೀಟರ್ ಫುಲ್ ಹಾಟ್‌ನಲ್ಲಿಟ್ಟು ಎಂಜಿನ್ ಬಿಸಿ ಮಾಡಿ, ಪೂರ್ತಿ ತಣಿದ ಮೇಲೆ ಮತ್ತೆ ಬಸಿಯಿರಿ. ನೀರು ತಿಳಿಯಾಗುವ ತನಕ ಇದೇ ಕೆಲಸ. ಬಹಳ ಜನ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಎಷ್ಟೇ ಬಸಿದರೂ ಎಂಜಿನ್ ಬ್ಲಾಕ್ ಒಳಗೆ ಒಂದು ಲೀಟರಿಗೂ ಹೆಚ್ಚು ನೀರು ಉಳಿದಿರುತ್ತದೆ. ಅದರ ಮೇಲೆ ರೆಡಿ ಮಿಕ್ಸ್, ಅಂದರೆ ನೀರು ಬೆರೆಸಿಯೇ ಮಾರುವ ಕೂಲಂಟ್, ಸುರಿದರೆ ಕೂಲಂಟ್ ತೆಳ್ಳಗಾಯಿತು. ಆದ್ದರಿಂದ ನೀರು ಬೆರೆಸದ ಕಾನ್ಸಂಟ್ರೇಟ್ ತಂದು, ಮ್ಯಾನುಯಲ್‌ನಲ್ಲಿರುವ ಒಟ್ಟು ಅಳತೆಯ ಅರ್ಧ, 4 ಲೀಟರಾದರೆ 2 ಲೀಟರ್, ಮೊದಲು ಹಾಕಿ. ಉಳಿದ ಜಾಗಕ್ಕೆ ಡಿಸ್ಟಿಲ್ಡ್ ನೀರು. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಲ್ಲ ಕಂಪನಿಯವರ ಇಷ್ಟ, ಯಾವ ಬಗೆ ಎಂಬುದು ಮ್ಯಾನುಯಲ್‌ನಲ್ಲಿ ಇರುತ್ತದೆ.

ಗಾಳಿ ತೆಗೆಯಲು ತಣ್ಣನೆಯ ಎಂಜಿನ್ನಿನಿಂದಲೇ ಶುರು ಮಾಡಿ. ಕ್ಯಾಪ್ ತೆಗೆದು, ಕುತ್ತಿಗೆಗೆ ಆಲಿಕೆ ಕೂರಿಸಿ, ಐಡಲ್‌ನಲ್ಲಿ ಬಿಡಿ. ಗುಳ್ಳೆ ಬಂದಂತೆ ಮಟ್ಟ ಇಳಿಯುತ್ತದೆ, ಸ್ವಲ್ಪ ಸ್ವಲ್ಪ ತುಂಬಿ. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಅಂತ. ಫ್ಯಾನ್ ಒಮ್ಮೆ ತಿರುಗಿ ನಿಂತು, ಗುಳ್ಳೆಯೂ ನಿಂತ ಮೇಲೆ ಎಂಜಿನ್ ಆಫ್ ಮಾಡಿ. ಆಲಿಕೆಯ ಮೇಲೆ ಮುಖ ಬಗ್ಗಿಸಬೇಡಿ, ಒಮ್ಮೊಮ್ಮೆ ಉಕ್ಕುತ್ತದೆ. ಬಸಿದ ಕೂಲಂಟನ್ನು ಅಂಗಳದಲ್ಲಿ ಬಿಡಬೇಡಿ. ಸಿಹಿ ವಾಸನೆಗೆ ನಾಯಿ ನೆಕ್ಕುತ್ತದೆ, ಸ್ವಲ್ಪ ಕುಡಿದರೂ ಸಾಯುತ್ತದೆ.

ಇಷ್ಟಾಗಿಯೂ ಗುಳ್ಳೆ ನಿಲ್ಲದಿದ್ದರೆ, ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಹೋಸ್ ಕಲ್ಲಿನಂತಾದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರುವ ಅನುಮಾನ. ಆಗ ಓಡಿಸಬೇಡಿ.

ಗ್ರೀಸ್ ಕೈ:
ಮೇಲಿನದೆಲ್ಲ ಸರಿ. ಫ್ಯಾನ್ ಬಗ್ಗೆ ಒಂದು ಸೇರಿಸುತ್ತೇನೆ. ಎಸಿ ಹಾಕಿದಾಗ ತಿರುಗಿತು ಅಂದರೆ ಮೋಟರ್ ಸರಿ ಇದೆ ಅಂತ ಮಾತ್ರ. ಎಸಿ ಇಲ್ಲದೆ ಐಡಲ್‌ನಲ್ಲಿ ಬಿಟ್ಟಾಗಲೂ ತಾನಾಗಿ ತಿರುಗಬೇಕು, ಇಲ್ಲದಿದ್ದರೆ ಸೆನ್ಸರ್ ಅಥವಾ ರಿಲೇ ನೋಡಬೇಕು. ಬಂಪರ್ ಸಂದಿಯಿಂದ ಟಾರ್ಚ್ ಹಾಕಿ ನೋಡಿ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೆಸರು, ಹುಳ ಸೇರಿಕೊಂಡಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ.

ರಸ್ತೆಯಲ್ಲೇ ಬಿಸಿ ಏರಿದರೆ: ಎಸಿ ಆಫ್, ಕಿಟಕಿ ಇಳಿಸಿ ಹೀಟರ್ ಫುಲ್. ಹೀಟರ್ ಕೋರ್ ಕೂಡ ಸಣ್ಣ ರೇಡಿಯೇಟರೇ. ದೀಪ ಕೆಂಪಾದ ಮೇಲೆ ಈ ಉಪಾಯ ನಂಬಿ ಮೂರು ತಿರುವು ಹತ್ತಬೇಡಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಆಫ್ ಮಾಡಿ. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಕೂಲಂಟೇ ಇಲ್ಲ ಎಂದರ್ಥ. ಸೆನ್ಸರ್ ಗಾಳಿಯಲ್ಲಿ ತೂಗುತ್ತಿದ್ದರೆ ಮೀಟರ್ ಮುಳ್ಳು ಇಳಿದಂತೆ ತೋರಿಸುವುದೂ ಉಂಟು, ಮೋಸಹೋಗಬೇಡಿ. ಬ್ಯಾಟರಿ ದೀಪವೂ ಜೊತೆಗೇ ಬಂದರೆ ಬೆಲ್ಟ್ ತುಂಡಾಗಿರಬಹುದು.

ಕ್ಯಾಪಿಗೆ ಕೈ ಹಾಕಬೇಡಿ. ಒತ್ತಡ ಬಿಟ್ಟ ಗಳಿಗೆಯಲ್ಲಿ ಒಳಗಿನ ನೀರು ಆವಿಯಾಗಿ ಮುಖಕ್ಕೆ ಬರುತ್ತದೆ, ಬಟ್ಟೆ ಹಿಡಿದರೂ ತಡೆಯುವುದಿಲ್ಲ. 40 ನಿಮಿಷವಾದರೂ ಕಾಯಿರಿ. ಮೇಲಿನ ಹೋಸನ್ನು ಬಟ್ಟೆ ಸುತ್ತಿ ಹಿಂಡಿದರೆ ಮೆತ್ತಗೆ ಒಳಕ್ಕೆ ಹೋಗಬೇಕು, ಆಗ ಮಾತ್ರ ಕ್ಯಾಪ್. ಬಿಸಿ ಎಂಜಿನ್ ಮೇಲೆ ನೀರು ಎರಚಬೇಡಿ, ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಬಾನೆಟ್ ಎತ್ತುವಾಗ ಫ್ಯಾನ್ ಹತ್ತಿರ ಬೆರಳು ಬೇಡ, ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಅದು ತಿರುಗುತ್ತದೆ.

ಸ್ಟೆಪ್ನಿ ಶಾಸ್ತ್ರಿ:
ಜಾಕ್ ಪ್ರಶ್ನೆಗೆ ಉತ್ತರ: ಸಾಲದು. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಗೇರ್ ಹಿಡಿಯುವುದು ಮುಂದಿನ ಚಕ್ರಗಳನ್ನು. ಒಂದು ಮುಂದಿನ ಚಕ್ರ ಎತ್ತಿದಿರೋ, ಎರಡು ಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ದೆಸೆಯಿಂದ ಎತ್ತಿದ ಚಕ್ರ ಉಲ್ಟಾ ತಿರುಗಿ, ನೆಲದ ಮೇಲಿರುವುದು ಉರುಳಲು ಬಿಡುತ್ತದೆ. ಗೇರ್ ಇದ್ದೂ ಇಲ್ಲದಂತೆ, ಉಳಿದದ್ದು ಹ್ಯಾಂಡ್‌ಬ್ರೇಕ್ ಮಾತ್ರ. ಹಿಂದಿನ ಚಕ್ರ ಎತ್ತಿದರೆ ಹ್ಯಾಂಡ್‌ಬ್ರೇಕಿನ ಅರ್ಧ ಬಲ ಹೋಯಿತು. ಅದಕ್ಕೇ ಕಲ್ಲು ಬೇಕು. ಎತ್ತುವ ಚಕ್ರಕ್ಕೆ ಕರ್ಣದಲ್ಲಿರುವ ಚಕ್ರದ ಇಳಿಜಾರಿನ ಬದಿಗೆ, ತೆಂಗಿನಕಾಯಿ ಗಾತ್ರದ್ದು, ಒತ್ತಿ ಇಡಿ. ನಿಜ ಹೇಳಬೇಕೆಂದರೆ ಚಾರ್ಮಾಡಿಯ ತಿರುವಿನಲ್ಲಿ ಜಾಕ್ ಹಾಕುವುದೇ ತಪ್ಪು. ಪಂಕ್ಚರ್ ಚಕ್ರದಲ್ಲೇ 10 ಕಿ.ಮೀ. ವೇಗದಲ್ಲಿ ಸಮತಟ್ಟು ಜಾಗಕ್ಕೆ ಹೋಗಿ. ಟೈರ್ ಹಾಳಾದರೆ ಆಗಲಿ. ಹಜಾರ್ಡ್ ದೀಪ ಹಾಕಿ, ತ್ರಿಕೋನವನ್ನು 50 ಮೀಟರ್ ಹಿಂದೆ, ತಿರುವಿದ್ದರೆ ತಿರುವಿನ ಆಚೆಗೆ ಇಡಿ. ಯಾರೂ ಕಾರಿನಲ್ಲಿ ಕೂತಿರಬಾರದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033.

ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಜಾಕ್ ಕೂರುವುದು ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ ಎರಡು ಕಚ್ಚಿನ ನಡುವೆ. ಮಣ್ಣು ಮೆತ್ತಗಿದ್ದರೆ ಅಡಿಗೆ ಹಲಗೆ. ಎತ್ತಿದ ಕೂಡಲೇ ಸ್ಟೆಪ್ನಿಯನ್ನು ಬಾಗಿಲ ಕೆಳಗೆ ತೂರಿಸಿಡಿ, ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ನಟ್‌ನ ಇಳಿಜಾರು ಮುಖ ಚಕ್ರದ ಕಡೆಗೆ. ಎದುರುಬದುರಾಗಿ ಬಿಗಿಮಾಡಿ, ಕೊನೆಯ ಬಿಗಿ ಚಕ್ರ ನೆಲಕ್ಕೆ ಇಳಿದ ಮೇಲೆ. ಸಣ್ಣ ಕಾರುಗಳಿಗೆ ಸುಮಾರು 100 ನ್ಯೂಟನ್ ಮೀಟರ್ ಸಾಕು. ಕಾರಿನ ಜೊತೆ ಬರುವ ಸ್ಪ್ಯಾನರ್ 25 ಸೆಂ.ಮೀ. ಇದ್ದರೆ ತುದಿಯಲ್ಲಿ 40 ಕೆ.ಜಿ. ಭಾರ ಬಿಟ್ಟಷ್ಟು. ಹತ್ತಿ ಕುಣಿದರೆ ಸ್ಟಡ್ ಮುರಿಯುತ್ತದೆ. 50 ಕಿ.ಮೀ. ಆದಮೇಲೆ ಮತ್ತೊಮ್ಮೆ ನೋಡಿ.

ಉಜಿರೆ ಸವಾರಿ:
ಹೊಸ ಕ್ಯಾಪ್ 0.9, ಕೂಲಂಟ್ ಬದಲಾಗಿದೆ. ಬೆಳಿಗ್ಗೆ ಹೋಸ್ ದುಂಡಗಿದೆ, ಬಾಟಲಿ ಮಟ್ಟ ಬಿಸಿಗೆ ಏರಿ ತಣಿದಾಗ ಇಳಿಯುತ್ತಿದೆ. ಎಸಿ ಇಲ್ಲದೆಯೂ ಫ್ಯಾನ್ ತಾನಾಗಿ ತಿರುಗಿತು. ಕೊಟ್ಟಿಗೆಹಾರದವರೆಗೆ ಎಸಿ ಹಾಕಿಯೇ ಹತ್ತಿದೆ, ದೀಪ ಬರಲಿಲ್ಲ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಸ್ಟೆಪ್ನಿ ಹಾಕಲೇಬೇಕಾ?

ಸ್ಟೆಪ್ನಿ ಶಾಸ್ತ್ರಿ:
ಬೇಡ, ಮೊಳೆಯನ್ನೂ ಕೀಳಬೇಡಿ, ಅದೇ ಬಿರಡೆ. 35 ಪಿಎಸ್‌ಐ ತುಂಬಿಕೊಂಡು ನಿಧಾನಕ್ಕೆ ಪಂಕ್ಚರ್ ಅಂಗಡಿಗೆ ಹೋಗಿ. ತೂತು ನೆಲಕ್ಕೆ ತಾಗುವ ಪಟ್ಟಿಯಲ್ಲಿದ್ದು 6 ಮಿ.ಮೀ. ಒಳಗಿದ್ದರೆ ತೂತಿಗೆ ತುರುಕುವ ರಬ್ಬರ್ ಸ್ಟ್ರಿಪ್ ಸಾಕು. ಪಕ್ಕದ ಗೋಡೆಯಲ್ಲಿದ್ದರೆ ಯಾರು ಹಾಕಿಕೊಡುತ್ತೇನೆ ಅಂದರೂ ಬೇಡ. ಸೋಪ್ ನೀರು ಸವರಿ ಗುಳ್ಳೆ ನೋಡಿ, ವಾಲ್ವ್ ಬಾಯಿಗೂ ಒಂದು ತೊಟ್ಟು. ಬಿಡುವಿದ್ದಾಗ ಸ್ಟೆಪ್ನಿಯ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ನಿಮ್ಮದು ಕಾರಿನ ಜೊತೆ ಬಂದದ್ದೇ ಆಗಿದ್ದರೆ, ಒಂದು ದಿನವೂ ಓಡದಿದ್ದರೂ ರಬ್ಬರಿಗೆ ವಯಸ್ಸಾಗಿದೆ, ಬದಲಾಯಿಸಿ.